ರಬ್ಬರ್ ಕಪ್ಪೆ ಮತ್ತು ಮುರೆಲ್ ಮೀನು: ಮುಂಬೈ, ಪುಣೆ, ಗೋವಾದಲ್ಲಿ ಗಾಳ ಹಾಕುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯಿಂದ ಬಂದವರಿಗೆ ಕಡಲ ಗಾಳ ಗೊತ್ತು, ಭೀಮಾ–ಕೃಷ್ಣಾ ದಂಡೆಯಿಂದ ಬಂದವರಿಗೆ ಹೊಳೆಯ ಗಾಳ ಗೊತ್ತು. ಕಳೆ ತುಂಬಿದ ಕೆರೆಯ ಮೇಲೆ ರಬ್ಬರ್ ಕಪ್ಪೆ ಕುಣಿಸಿ ಮೀನು ಹಿಡಿಯುವ ವಿದ್ಯೆ ಮಾತ್ರ ಇಬ್ಬರಿಗೂ ಹೊಸದು. ಇದನ್ನು ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಅಮೆರಿಕದ ಬಾಸ್ ಮೀನಿನ ವಿಡಿಯೋಗಳಿಂದ. ಸಲಕರಣೆಯ ಮಟ್ಟಿಗೆ ಆ ಪಾಠ ಒಳ್ಳೆಯದೇ. ಆದರೆ ಮೀನು ಬೇರೆ, ಋತು ಬೇರೆ, ಅದು ಕಚ್ಚುವ ರೀತಿಯೂ ಬೇರೆ. ರಾಡ್, ದಾರದ ವಿಷಯವನ್ನು ಬಾಸ್ ಹಿಡಿಯುವವರಿಂದ ಕಲಿಯೋಣ, ಮೀನಿನ ವಿಷಯವನ್ನು ಇಲ್ಲಿನ ನೀರಿನಿಂದ ಕಲಿಯೋಣ. ಕೆಳಗಿನ ಉತ್ತರಗಳನ್ನೆಲ್ಲ ಈ ಮನಸ್ಸಿನಿಂದಲೇ ಬರೆದಿದ್ದೇನೆ.

ನಮ್ಮ ಕೆರೆಗಳಲ್ಲಿ ಬಾಸ್ ಇದೆಯೇ?

ಇಲ್ಲ. ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು. ಅದರ ವಿಶ್ವದಾಖಲೆ 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೋಗಿಂತ ತುಸು ಹೆಚ್ಚು. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಎಂಬವರು ಆ ತೂಕದ ಮೀನು ಹಿಡಿದಿದ್ದರು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದನ್ನು ಸರಿಗಟ್ಟಿದರು. ಜಪಾನಿಗೆ ಬಾಸ್ ಹೋದದ್ದು 1925ರಲ್ಲಿ, ಮನುಷ್ಯರ ಕೈಯಿಂದ. ಇಂದು ಅಲ್ಲಿನ ಕಾನೂನೇ ಅದನ್ನು ಆಕ್ರಮಣಕಾರಿ ಅನ್ಯಜೀವಿ ಎಂದು ಗುರುತಿಸಿದೆ. ಆದ್ದರಿಂದ ‘ಇಲ್ಲಿಯೂ ಬಾಸ್ ಬಿಟ್ಟರೆ ಎಷ್ಟು ಚೆನ್ನ’ ಎನ್ನುವವರಿಗೆ ನನ್ನ ಉತ್ತರ ಒಂದೇ: ಬೇಡವೇ ಬೇಡ.

ಅದರ ಜಾಗದಲ್ಲಿ ನಮಗೆ ಮುರೆಲ್ ಇದೆ. ಮಹಾರಾಷ್ಟ್ರದ ಮಾರುಕಟ್ಟೆಯಲ್ಲಿ ಇದಕ್ಕೆ ಮರಳ ಎನ್ನುತ್ತಾರೆ. ಹಾವಿನಂಥ ತಲೆ, ಉದ್ದನೆಯ ದುಂಡು ಮೈ, ಬಾಯಿ ತುಂಬ ಹಲ್ಲು. ಪಟ್ಟೆ ಪಟ್ಟೆಯ ಜಾತಿ ಎಲ್ಲ ಕಡೆ ಸಿಗುತ್ತದೆ. ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕೆಯಿರುವ ದೊಡ್ಡ ಜಾತಿ ಒಂದು ಮೀಟರ್ ಮೀರಿ ಬೆಳೆಯಬಲ್ಲದು. 2002ರಲ್ಲಿ ಮುರೆಲ್‌ನ ಚೀನಾ ಕಡೆಯ ದಾಯಾದಿಯೊಂದು ಅಮೆರಿಕದ ಮೇರಿಲ್ಯಾಂಡ್‌ನ ಕೊಳವೊಂದರಲ್ಲಿ ಸಿಕ್ಕು ದೊಡ್ಡ ಸುದ್ದಿಯಾಗಿತ್ತು. ಈಗ ಅಲ್ಲಿನ ಬಾಸ್ ಪ್ರಿಯರು ತಮ್ಮ ಅದೇ ರಬ್ಬರ್ ಕಪ್ಪೆಯಿಂದ ಅದನ್ನೂ ಹಿಡಿಯುತ್ತಾರೆ. ಈ ಲ್ಯೂರ್, ಅಂದರೆ ಮೀನನ್ನು ಸೆಳೆಯುವ ಕೃತಕ ಬೇಟೆ, ಎರಡೂ ಮೀನಿಗೆ ಒಗ್ಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಪ್ಪೆ ಲ್ಯೂರ್ ಕಳೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲವೇಕೆ?

ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಟೊಳ್ಳು, ಹೊರಗೆ ಮೆತ್ತನೆಯ ಪ್ಲಾಸ್ಟಿಕ್. ಹೊಟ್ಟೆಯ ಹಿಂಭಾಗದಲ್ಲಿ ಚಿಕ್ಕ ತೂಕದ ಗುಂಡು ಇರುತ್ತದೆ. ಎಸೆದಾಗ ಕಪ್ಪೆ ಅಂಗಾತ ಬೀಳದೆ ಹೊಟ್ಟೆಯ ಮೇಲೆ ಕೂರುವುದು ಇದರಿಂದ. ಮೂತಿಯಲ್ಲಿ ದಾರ ಕಟ್ಟುವ ಕಣ್ಣು. ಹಿಂದೆ ಜೋಡಿ ಗಾಳ. ಅದರ ಎರಡು ಮೊನೆಗಳೂ ಮೇಲ್ಮುಖವಾಗಿ ಬೆನ್ನಿನ ಇಕ್ಕೆಲಗಳಿಗೆ ಅಂಟಿಕೊಂಡಿರುತ್ತವೆ. ಎಲೆ, ಬಳ್ಳಿ, ಜೊಂಡು ಎಲ್ಲವೂ ನುಣುಪಾದ ಮೈಯನ್ನು ಸವರಿಕೊಂಡು ಹೋಗುತ್ತವೆ, ಮೊನೆಗೆ ಏನೂ ಸಿಗುವುದಿಲ್ಲ.

ಈಗ ಹೆಬ್ಬೆರಳಿನಿಂದ ಬೆನ್ನನ್ನು ಒತ್ತಿ. ಮೈ ಕುಸಿದು ಎರಡೂ ಮೊನೆಗಳು ಹೊರಗೆ ಬರಬೇಕು. ಮೀನು ಕಚ್ಚಿದಾಗ ಆಗುವುದೂ ಇಷ್ಟೇ. ಅಂಗಡಿಯಲ್ಲಿ ಕೊಳ್ಳುವಾಗ ಈ ಪರೀಕ್ಷೆ ಮಾಡದೆ ಹಣ ಕೊಡಬೇಡಿ. ನೋಡಲು ನಿಜವಾದ ಕಪ್ಪೆಯಂತೆಯೇ ಇದ್ದು, ಒತ್ತಿದರೆ ಬಗ್ಗದಷ್ಟು ಗಟ್ಟಿಯಿರುವ ಅಗ್ಗದ ಕಪ್ಪೆಗಳು ಬಹಳ ಬರುತ್ತವೆ. ಅವುಗಳನ್ನು ಮೀನು ಕಚ್ಚುತ್ತದೆ, ಆದರೆ ಗಾಳ ನಾಟುವುದಿಲ್ಲ.

ಎಷ್ಟು ಬಗೆಯ ಕಪ್ಪೆಗಳಿವೆ? ಮೊದಲು ಯಾವುದನ್ನು ಕೊಳ್ಳಲಿ?

ಚೂಪು ಮೂತಿಯ ಟೊಳ್ಳು ಕಪ್ಪೆಯನ್ನೇ ಮೊದಲು ಕೊಳ್ಳಿ. ದಟ್ಟ ಕಳೆಯ ಮೇಲೆ ಅದರಷ್ಟು ಸಲೀಸಾಗಿ ಜಾರುವುದು ಬೇರೊಂದಿಲ್ಲ. ಮೂತಿ ಒಳಕ್ಕೆ ಬಾಗಿ ಬಟ್ಟಲಿನಂತಿರುವುದಕ್ಕೆ ಪಾಪರ್ ಎನ್ನುತ್ತಾರೆ. ಎಳೆದಾಗ ನೀರು ಚಿಮ್ಮಿಸಿ ಸದ್ದು ಮಾಡುತ್ತದೆ; ಕಳೆಯ ನಡುವೆ ಅಲ್ಲಲ್ಲಿ ತೆರೆದ ನೀರು ಇರುವಲ್ಲಿ ಚೆನ್ನ. ದಟ್ಟ ಹಾಸಿನ ಮೇಲೆ ಅದರ ಬಟ್ಟಲಿಗೆ ಕಸ ತುಂಬಿಕೊಳ್ಳುತ್ತದೆ.

ಮೂರನೆಯದು ಟೊಳ್ಳಿಲ್ಲದ ಮೆತ್ತನೆಯ ಕಪ್ಪೆ. ಇದಕ್ಕೆ ಗಾಳವನ್ನು ನಾವೇ ಪೋಣಿಸಬೇಕು. ನಿಲ್ಲಿಸಿದರೆ ಮುಳುಗುತ್ತದೆ, ಒಂದೇ ಸಮನೆ ಸುತ್ತಿಕೊಂಡರೆ ಹಿಂಗಾಲುಗಳು ನೀರು ಬಡಿಯುತ್ತ ಬರುತ್ತವೆ. ನಾಲ್ಕನೆಯದು ಥಾಯ್ಲೆಂಡ್, ಮಲೇಷ್ಯಾ ಕಡೆಯ ಜಂಪ್ ಫ್ರಾಗ್. ಅದು ಮುರೆಲ್ ಜಾತಿಯ ಮೀನಿಗೆಂದೇ ಹುಟ್ಟಿದ್ದು. ಗಾತ್ರ ಚಿಕ್ಕದು, ಮೈ ಗಟ್ಟಿ, ಹಿಂದೆ ಗಿರಗಿರನೆ ತಿರುಗುವ ಲೋಹದ ತಗಡು. ಕಳೆ ವಿರಳವಾಗಿದ್ದರೆ ಇದು ಬಾಸ್ ಕಪ್ಪೆಗಳನ್ನೆಲ್ಲ ಹಿಂದಿಕ್ಕುತ್ತದೆ.

ಗಾತ್ರದ ಬಗ್ಗೆ ಒಂದು ಮಾತು. ಅಮೆರಿಕದ ಕಪ್ಪೆಗಳು ಸಾಮಾನ್ಯವಾಗಿ ಆರೂವರೆ ಸೆಂಟಿಮೀಟರ್ ಉದ್ದ, 14ರಿಂದ 18 ಗ್ರಾಂ ತೂಕ. ಬಾಸ್‌ನ ಬಾಯಿ ಬಕೆಟ್ಟಿನಷ್ಟು ಅಗಲ ತೆರೆಯುತ್ತದೆ. ನಮ್ಮ ಪಟ್ಟೆ ಮುರೆಲ್‌ಗೆ ಅಷ್ಟು ದೊಡ್ಡದು ಬೇಡ. ನಾಲ್ಕೂವರೆಯಿಂದ ಐದೂವರೆ ಸೆಂಟಿಮೀಟರ್, 8ರಿಂದ 12 ಗ್ರಾಂ ಸಾಕು. ದೊಡ್ಡ ಜಾತಿ ಇದೆಯೆಂದು ಖಚಿತವಾಗಿರುವ ಹಿನ್ನೀರಿನಲ್ಲಿ ಮಾತ್ರ ದೊಡ್ಡ ಕಪ್ಪೆ ಹಾಕಿ.

ರಾಡ್ ಹೇಗಿರಬೇಕು?

ಗಟ್ಟಿಯಾಗಿರಬೇಕು. ಕಳೆಯೊಳಗೆ ಕಚ್ಚಿದ ಮೀನನ್ನು ಆಡಿಸಿ ಸುಸ್ತು ಮಾಡಲು ಆಗುವುದಿಲ್ಲ. ಮೊದಲ ಕ್ಷಣದಲ್ಲೇ ತಲೆ ಎತ್ತಿಸಿ ಹಾಸಿನ ಮೇಲಕ್ಕೆ ತರಬೇಕು. ತಡಮಾಡಿದರೆ ಅದು ದಂಟುಗಳ ಬುಡಕ್ಕೆ ದಾರ ಸುತ್ತಿ ಕೂರುತ್ತದೆ. ಬಾಸ್ ಹಿಡಿಯುವವರು 7ರಿಂದ ಏಳೂವರೆ ಅಡಿಯ ಹೆವಿ ರಾಡ್ ಹೇಳುತ್ತಾರೆ. ಅವರು ದೋಣಿಯಲ್ಲಿ ನಿಂತು ಎಸೆಯುವವರು. ನಾವು ನಿಲ್ಲುವುದು ಕೆರೆ ಏರಿಯ ಮೇಲೆ, ಹಿಂದೆ ಜಾಲಿಯ ಮುಳ್ಳು, ತಲೆಯ ಮೇಲೆ ಕೊಂಬೆ. ಅಂಥಲ್ಲಿ ಆರೂವರೆಯಿಂದ 7 ಅಡಿಯ ಮೀಡಿಯಂ ಹೆವಿ ಅಥವಾ ಹೆವಿ ರಾಡ್ ಹೆಚ್ಚು ಅನುಕೂಲ. ಲೋಕಲ್ ರೈಲಿನಲ್ಲಿ, ಬಸ್ಸಿನಲ್ಲಿ ಒಯ್ಯುವವರು ಎರಡು ತುಂಡಿನ ರಾಡನ್ನೇ ಕೊಳ್ಳಿ.

ರಾಡಿನ ಹಿಡಿಯ ಮೇಲೆ ಎಷ್ಟು ತೂಕದ ಲ್ಯೂರ್ ಎಸೆಯಬಹುದು ಎಂದು ಬರೆದಿರುತ್ತದೆ. ನಿಮ್ಮ ಕಪ್ಪೆಯ ತೂಕ ಆ ಮಿತಿಯೊಳಗೆ ಇರಲಿ. 8 ಗ್ರಾಂ ಕಪ್ಪೆಯನ್ನು 30 ಗ್ರಾಂಗೆ ಮಾಡಿದ ಒನಕೆಯಂಥ ರಾಡಿನಿಂದ ಎಸೆದರೆ ಅದು ಕಾಲ ಬುಡದಲ್ಲೇ ಬೀಳುತ್ತದೆ. ತುದಿ ತುಸು ಬಾಗಬೇಕು, ಬುಡ ಬಾಗಬಾರದು. ಇದನ್ನೇ ಫಾಸ್ಟ್ ಆಕ್ಷನ್ ಎನ್ನುತ್ತಾರೆ.

ರೀಲ್ ಬೇಟ್‌ಕಾಸ್ಟಿಂಗ್ ಇರಲಿಯೋ, ಸ್ಪಿನ್ನಿಂಗ್ ಇರಲಿಯೋ?

ಬೇಟ್‌ಕಾಸ್ಟಿಂಗ್ ರೀಲು ರಾಡಿನ ಮೇಲೆ ಕೂರುತ್ತದೆ, ಎಸೆದಾಗ ಅದರ ಸ್ಪೂಲ್ (ದಾರ ಸುತ್ತಿದ ಉರುಳೆ) ತಿರುಗುತ್ತದೆ; ಸ್ಪಿನ್ನಿಂಗ್ ರೀಲು ರಾಡಿನ ಕೆಳಗೆ ತೂಗುತ್ತದೆ, ಎಸೆದಾಗ ಅದರ ಸ್ಪೂಲ್ ತಿರುಗುವುದಿಲ್ಲ. ಬೇಟ್‌ಕಾಸ್ಟಿಂಗ್ ರೀಲಿಗೆ ಎಳೆಯುವ ಬಲ ಹೆಚ್ಚು, ಗುರಿಯೂ ನಿಖರ. ಅಭ್ಯಾಸವಿದ್ದವರಿಗೆ ಅದೇ ಸರಿ. ಗೇರ್ ಅನುಪಾತ 7:1ರ ಆಸುಪಾಸು ಇರಲಿ, ಅಂದರೆ ಹಿಡಿಯನ್ನು ಒಮ್ಮೆ ತಿರುಗಿಸಿದರೆ ಸ್ಪೂಲ್ ಏಳು ಸುತ್ತು ತಿರುಗಬೇಕು. ಮೀನು ಕಚ್ಚಿದಾಗ ಸಡಿಲ ದಾರವನ್ನು ಬೇಗ ಸುತ್ತಿಕೊಳ್ಳಲು ಆ ವೇಗ ಬೇಕು. ಆದರೆ ಹೊಸಬರ ಕೈಯಲ್ಲಿ ಸ್ಪೂಲ್ ಓಡಿ ದಾರ ಗೋಜಲಾಗುತ್ತದೆ. ಹಗುರ ಕಪ್ಪೆಯಿದ್ದರಂತೂ ಇನ್ನೂ ಕಷ್ಟ. ಹೊಸಬರು 3000 ಅಥವಾ 4000 ಗಾತ್ರದ ಸ್ಪಿನ್ನಿಂಗ್ ರೀಲನ್ನು ಯಾವ ಸಂಕೋಚವೂ ಇಲ್ಲದೆ ಬಳಸಲಿ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಸುಲಭವಾಗಿ ಬಿಚ್ಚದಂತೆ ಹಿಡಿಯುವ ರೀಲಿನ ತಡೆ, ಬಿಗಿಯಾಗಿಯೇ ಇರಲಿ.

ಯಾವ ದಾರ? ನೈಲಾನ್ ಆಗುವುದಿಲ್ಲವೇ?

ಆಗುವುದಿಲ್ಲ. ಇಡೀ ಸಲಕರಣೆಯಲ್ಲಿ ನಾನು ಹಟ ಹಿಡಿಯುವುದು ಇದೊಂದಕ್ಕೇ. ನೈಲಾನ್ ಎಳೆದಂತೆಲ್ಲ ಹಿಗ್ಗುತ್ತದೆ. ಇಪ್ಪತ್ತು ಮೀಟರ್ ಆಚೆ ಕಪ್ಪೆ ಇರುವಾಗ ನೀವು ರಾಡ್ ಎತ್ತಿದ ಬಲದ ಒಂದಷ್ಟು ಭಾಗ ದಾರದ ಹಿಗ್ಗುವಿಕೆಯಲ್ಲೇ ಕರಗಿಹೋಗುತ್ತದೆ. ಮುರೆಲ್‌ನ ದವಡೆ ಎಲುಬಿನಿಂದ ಮಾಡಿದ್ದು, ಜೋಡಿ ಗಾಳ ದಪ್ಪ. ಉಳಿದ ಬಲ ಅದನ್ನು ನಾಟಿಸಲು ಸಾಲುವುದಿಲ್ಲ. ಹೆಣೆದ ದಾರ, ಅಂದರೆ ಬ್ರೇಡ್, ಹಿಗ್ಗುವುದೇ ಇಲ್ಲವೆನ್ನಬಹುದು. ಎಲೆಯ ದಂಟುಗಳನ್ನು ಅದು ಕತ್ತರಿಸಿಕೊಂಡೂ ಬರುತ್ತದೆ.

ಬಾಸ್ ಹಿಡಿಯುವವರು 50ರಿಂದ 65 ಪೌಂಡಿನ ಬ್ರೇಡ್ ಹಾಕುತ್ತಾರೆ. ನಮಗೆ ಬೇಟ್‌ಕಾಸ್ಟಿಂಗ್ ರೀಲಿಗೆ 50, ಸ್ಪಿನ್ನಿಂಗ್ ರೀಲಿಗೆ 30ರಿಂದ 40 ಪೌಂಡ್ ಸಾಕು. 50 ಪೌಂಡ್ ಎಂದೊಡನೆ ಹಗ್ಗದಷ್ಟು ದಪ್ಪ ಎಂದುಕೊಳ್ಳಬೇಡಿ, ಅದರ ದಪ್ಪ 12 ಪೌಂಡಿನ ನೈಲಾನಿನಷ್ಟೇ. ಸ್ಪೂಲಿನ ಮೇಲೆ ಮೊದಲು ಕೆಲವು ಸುತ್ತು ನೈಲಾನ್ ಸುತ್ತಿ, ಆಮೇಲೆ ಬ್ರೇಡ್ ಕಟ್ಟಿ. ಇಲ್ಲದಿದ್ದರೆ ಬ್ರೇಡ್ ಇಡಿಯಾಗಿ ಸ್ಪೂಲಿನ ಮೇಲೆ ಜಾರುತ್ತದೆ. ಡ್ರ್ಯಾಗ್ ಕೆಟ್ಟಿದೆಯೆಂದು ನೀವು ರೀಲನ್ನು ದೂರುತ್ತೀರಿ.

ದಟ್ಟ ಕಳೆಯಲ್ಲಿ ಲೀಡರ್ (ದಾರದ ತುದಿಗೆ ಕಟ್ಟುವ ಬೇರೆ ದಾರದ ತುಂಡು) ಬೇಡ. ಬ್ರೇಡನ್ನು ನೇರವಾಗಿ ಪಾಲೋಮರ್ ಗಂಟಿನಿಂದ (ದಾರವನ್ನು ಎರಡಾಗಿ ಮಡಿಸಿ ಹಾಕುವ ಗಂಟು) ಕಪ್ಪೆಗೆ ಕಟ್ಟಿ. ಗಂಟು ಬಿಗಿಯುವ ಮೊದಲು ನೀರಿನಿಂದ ಒದ್ದೆ ಮಾಡಿ. ಮೀನು ಸಿಕ್ಕ ಪ್ರತಿ ಸಲವೂ ಕೊನೆಯ ಒಂದಡಿ ದಾರವನ್ನು ಉಗುರಿನಿಂದ ಸವರಿ ನೋಡಿ, ಎಳೆ ಎದ್ದಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ಕಪ್ಪೆ ಸಿಕ್ಕಿಕೊಂಡಾಗ ಬ್ರೇಡನ್ನು ಬರಿಗೈಗೆ ಸುತ್ತಿ ಎಳೆಯಲೇಬೇಡಿ, ಬೆರಳು ಕತ್ತರಿಸುತ್ತದೆ. ಒಂದು ಕೋಲಿಗೆ ಸುತ್ತಿ ಎಳೆಯಿರಿ.

ಕಪ್ಪೆಯನ್ನು ಹೇಗೆ ಆಡಿಸಬೇಕು?

ಮೊದಲು ನೀರನ್ನು ನೋಡಿ. ಮುರೆಲ್ ಗಾಳಿ ಉಸಿರಾಡುವ ಮೀನು. ಕಿವಿರುಗಳ ಮೇಲ್ಭಾಗದಲ್ಲಿ ಅದಕ್ಕೆ ಗಾಳಿ ಹಿಡಿಯುವ ಕೋಣೆಗಳಿವೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಳ್ಳದಿದ್ದರೆ ಅದು ನೀರೊಳಗೇ ಉಸಿರುಗಟ್ಟಿ ಸಾಯುತ್ತದೆ. ಏರಿಯ ಮೇಲೆ ಸುಮ್ಮನೆ ಕೂತರೆ ಅದು ಕಾಣುತ್ತದೆ: ಎಲೆಗಳ ನಡುವಿನ ಅಂಗೈ ಅಗಲದ ನೀರಿನಲ್ಲಿ ಕಂದು ಮೂತಿಯೊಂದು ಏಳುತ್ತದೆ, ‘ಗುಳುಕ್’ ಎಂಬ ಸದ್ದು, ಒಂದು ಉಂಗುರ, ಆಮೇಲೆ ಸಣ್ಣ ಗುಳ್ಳೆಗಳು. ಮೀನು ಎಲ್ಲಿದೆ, ಎಷ್ಟು ದೊಡ್ಡದು ಎಂಬುದೆಲ್ಲ ಆ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಬಾಸ್ ಈ ಸುಳಿವು ಕೊಡುವುದಿಲ್ಲ. ಅಮೆರಿಕದ ವಿಡಿಯೋಗಳಲ್ಲಿ ಈ ಪಾಠ ಸಿಗದಿರುವುದಕ್ಕೆ ಕಾರಣವೂ ಅದೇ.

ಕಂಡ ಜಾಗದ ನೆತ್ತಿಯ ಮೇಲೆಯೇ ಎಸೆಯಬೇಡಿ, ಬೆದರುತ್ತದೆ. ಎರಡು ಮೂರು ಮೀಟರ್ ಆಚೆಗೆ ಎಸೆದು, ಆ ಜಾಗದ ಮೇಲೆ ಹಾದು ಬರುವಂತೆ ಎಳೆಯಿರಿ. ರಾಡಿನ ತುದಿ ನೀರಿನ ಕಡೆಗೆ ಇಳಿದಿರಲಿ. ತೆರೆದ ನೀರಿನಲ್ಲಿ ದಾರವನ್ನು ತುಸು ಸಡಿಲ ಬಿಟ್ಟು ತುದಿಯಿಂದ ಚುಟುಕಾಗಿ ತಟ್ಟಿದರೆ ಕಪ್ಪೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ ಬರುತ್ತದೆ. ದಾರ ಬಿಗಿಯಾಗಿದ್ದರೆ ಬರೀ ನೇರವಾಗಿ ಬರುತ್ತದೆ. ದಟ್ಟ ಹಾಸಿನ ಮೇಲೆ ಒಂದೆರಡು ಗೇಣು ಎಳೆದು, ಎಲೆಯ ಅಂಚು ಬಂದೊಡನೆ ನಿಲ್ಲಿಸಿ. ಹೆಚ್ಚಿನ ಹೊಡೆತಗಳು ಬೀಳುವುದು ಹಾಸು ಮುಗಿದು ನೀರು ಕಾಣುವ ಆ ಅಂಚಿನಲ್ಲೇ.

ಬಾಸ್‌ಗೆ ಬಹಳ ಹೊತ್ತು ನಿಲ್ಲಿಸಿ ಕಾಯುತ್ತಾರೆ. ಮುರೆಲ್‌ಗೆ ಒಂದೇ ಹದದಲ್ಲಿ ಸಾಗುತ್ತಿರುವ ಕಪ್ಪೆಯೇ ಹೆಚ್ಚು ಇಷ್ಟ. ಅಟ್ಟಿಸಿಕೊಂಡು ಬಂದು ಹೊಡೆಯುವ ಸ್ವಭಾವ ಅದರದು. ಕಪ್ಪೆಯ ಹಿಂದೆ ಬಾಣದ ತುದಿಯಂಥ ಅಲೆ ಏಳುವುದು ಕಂಡರೆ ನಿಲ್ಲಿಸಬೇಡಿ, ವೇಗ ಹೆಚ್ಚಿಸಲೂ ಬೇಡಿ. ಅದೇ ಹದದಲ್ಲಿ ಬರಲಿ.

ನೀರು ಸಿಡಿಯುತ್ತದೆ, ಎಳೆದರೆ ಬರಿ ಕಪ್ಪೆ ಹಾರಿ ಬರುತ್ತದೆ. ಏನು ಮಾಡಲಿ?

ಬಹುತೇಕ ಎಲ್ಲರ ದೂರೂ ಇದೇ. ಸದ್ದು ಕೇಳಿದೊಡನೆ ಎಳೆಯುವುದು ಇದಕ್ಕೆ ಕಾರಣ. ಕಣ್ಣಿಗೆ ಕಂಡದ್ದನ್ನು ನಂಬಿ ಎಳೆಯಬಾರದು, ಕೈಗೆ ಭಾರ ತಿಳಿದ ಮೇಲೆ ಎಳೆಯಬೇಕು. ಮುರೆಲ್ ಮೊದಲ ಹೊಡೆತದಲ್ಲಿ ಎಷ್ಟೋ ಸಲ ಬೇಟೆಯನ್ನು ಗಾಯಗೊಳಿಸುತ್ತದೆ ಅಷ್ಟೇ, ಬಾಯಿಯ ಒಳಕ್ಕೆ ತೆಗೆದುಕೊಂಡಿರುವುದಿಲ್ಲ.

ಕ್ರಮ ಹೀಗಿರಲಿ. ಸಿಡಿತ ಕೇಳಿತೇ? ಕೈ ತಡೆಯಿರಿ. ಕಪ್ಪೆ ಕಾಣದಾಯಿತೇ? ರಾಡಿನ ತುದಿಯನ್ನು ಮೀನಿನ ಕಡೆಗೆ ಇಳಿಸಿ, ಸಡಿಲ ದಾರ ಸುತ್ತಿಕೊಳ್ಳಿ. ದಾರ ಬಿಗಿದು ಭಾರ ತಿಳಿಯಿತೇ? ಆಗ ಎರಡೂ ಕೈಯಿಂದ, ಸೊಂಟ ತಿರುಗಿಸಿ, ಒಂದೇ ಬೀಸಿಗೆ ಮೇಲಕ್ಕೆ ಎಳೆಯಿರಿ. ಇದೆಲ್ಲ ಒಂದೆರಡು ಸೆಕೆಂಡಿನ ಮಾತು. ನಾಟಿದ ಮೇಲೆ ಸುತ್ತುವುದನ್ನು ನಿಲ್ಲಿಸಬೇಡಿ. ತಲೆ ಕಳೆಯ ಮೇಲೆ ಬಂದರೆ ಮೀನು ನಿಮ್ಮದು.

ಹೊಡೆದು ತಪ್ಪಿದರೆ ಕಪ್ಪೆಯನ್ನು ಕಿತ್ತು ತರಬೇಡಿ. ಅಲ್ಲೇ ಬಿಟ್ಟು ಸಣ್ಣಗೆ ನಡುಗಿಸಿ, ಅನೇಕ ಸಲ ಅದು ತಿರುಗಿ ಬರುತ್ತದೆ. ಬರದಿದ್ದರೆ ಐದು ಹತ್ತು ನಿಮಿಷ ಜಾಗ ಬಿಟ್ಟು, ಆಮೇಲೆ ಬೇರೆ ಬಣ್ಣದ, ಚಿಕ್ಕ ಗಾತ್ರದ ಕಪ್ಪೆ ಎಸೆಯಿರಿ. ಪದೇ ಪದೇ ತಪ್ಪುತ್ತಿದ್ದರೆ ಗಾಳವನ್ನೂ ನೋಡಿ. ಇಕ್ಕಳದಿಂದ ಎರಡೂ ಮೊನೆಗಳನ್ನು ಕೂದಲೆಳೆಯಷ್ಟು ಹೊರಕ್ಕೆ ಬಗ್ಗಿಸಿದರೆ ನಾಟುವುದು ಹೆಚ್ಚುತ್ತದೆ, ಕಳೆ ಸಿಕ್ಕಿಕೊಳ್ಳುವುದೂ ತುಸು ಹೆಚ್ಚುತ್ತದೆ. ಎರಡರ ನಡುವಿನ ಹದ ನಿಮ್ಮ ಕೆರೆಯನ್ನು ನೋಡಿ ನಿರ್ಧರಿಸಿ.

ಬಣ್ಣ ಯಾವುದು?

ಕಪ್ಪು ಒಂದು, ಬಿಳಿ ಅಥವಾ ಹಳದಿ ಒಂದು, ಹಸಿರು ಒಂದು. ಇಷ್ಟು ಸಾಕು. ಮೀನಿಗೆ ಕಾಣುವುದು ಹೊಟ್ಟೆಯ ಬಣ್ಣ, ಬೆನ್ನಿನ ಚಿತ್ತಾರ ಕೊಳ್ಳುವವನಿಗಾಗಿ. ಮಬ್ಬು ಬೆಳಕಿನಲ್ಲಿ ಕಪ್ಪು ಹೊಟ್ಟೆಯ ನೆರಳು ಚೆನ್ನಾಗಿ ಕಾಣುತ್ತದೆ.

ಹೊಸ ಕಪ್ಪೆಯ ಕಾಲು ಕತ್ತರಿಸಬೇಕೇ? ಒಳಗೆ ನೀರು ತುಂಬಿದರೆ?

ರಬ್ಬರ್ ಎಳೆಗಳ ಕಾಲು ಹೊಸದರಲ್ಲಿ ಬಹಳ ಉದ್ದ. ಒಂದೆರಡು ಸೆಂಟಿಮೀಟರ್ ಕತ್ತರಿಸಿದರೆ ಕಪ್ಪೆ ಚುರುಕಾಗಿ ತಿರುಗುತ್ತದೆ, ಮೀನು ಬರೀ ಕಾಲು ಕಚ್ಚಿ ಬಿಡುವುದೂ ತಪ್ಪುತ್ತದೆ. ಸ್ವಲ್ಪ ಸ್ವಲ್ಪವೇ ಕತ್ತರಿಸಿ, ನೀರಿನಲ್ಲಿ ಬಿಟ್ಟು ನೋಡಿ. ಪೂರಾ ಮೊಟಕಾದರೆ ಸಮತೋಲ ತಪ್ಪುತ್ತದೆ.

ಗಾಳ ಹೊರಬರುವ ರಂಧ್ರದಿಂದ ನೀರು ಒಳಗೆ ಹೋಗುವುದು ಸಹಜ. ಕೆಲವು ಎಸೆತಗಳಿಗೊಮ್ಮೆ ಹೊಟ್ಟೆ ಹಿಸುಕಿ ನೀರು ತೆಗೆಯಿರಿ. ಮುರೆಲ್‌ನ ಹಲ್ಲು ತೂತು ಮಾಡಿದ ಕಪ್ಪೆಗೆ ಒಂದು ತೊಟ್ಟು ಸೂಪರ್ ಗ್ಲೂ ಹಾಕಿದರೆ ಇನ್ನೂ ಕೆಲವು ದಿನ ಬಾಳುತ್ತದೆ.

ಯಾವ ತಿಂಗಳು ಒಳ್ಳೆಯದು? ಮಳೆಗಾಲದಲ್ಲಿ ಬಹಳ ಸಿಗುತ್ತದಂತಲ್ಲ?

ಫೆಬ್ರವರಿಯಿಂದ ಮೇವರೆಗೆ ನೀರು ಇಳಿಯುತ್ತದೆ, ಕಳೆ ಹಬ್ಬುತ್ತದೆ, ಬಿಸಿಲಿಗೆ ನೀರು ಕಾಯುತ್ತದೆ. ಮುಂಜಾನೆ ಮತ್ತು ಇಳಿಹೊತ್ತಿನ ಕಪ್ಪೆಗೆ ಇದೇ ಕಾಲ. ಮಳೆ ನಿಂತು ನೀರು ತಿಳಿಯಾಗುವ ಅಕ್ಟೋಬರ್, ನವೆಂಬರ್ ಕೂಡ ಚೆನ್ನ. ಪುಣೆಯ ಡಿಸೆಂಬರ್–ಜನವರಿ ಚಳಿಯಲ್ಲಿ ಮುಂಜಾನೆ ಹೋಗಿ ಪ್ರಯೋಜನವಿಲ್ಲ, ಬಿಸಿಲೇರಿದ ಮೇಲೆ ಹೋಗಿ.

ಮಳೆಗಾಲದ ಬಗ್ಗೆ ಕೈಮುಗಿದು ಕೇಳಿಕೊಳ್ಳುವುದಿದೆ. ಜೂನ್‌ನಿಂದ ಸೆಪ್ಟೆಂಬರ್ ಮುರೆಲ್ ಮರಿ ಮಾಡುವ ಕಾಲ. ಕಳೆಯನ್ನು ಸರಿಸಿ ಗೂಡಿನಂಥ ಜಾಗ ಮಾಡಿ ಮೊಟ್ಟೆಯಿಡುತ್ತದೆ, ಮೊಟ್ಟೆಗಳು ತೇಲುತ್ತವೆ. ಒಡೆದ ಮೇಲೆ ನೂರಾರು ಮರಿಗಳು ಕೆಂಪು–ಕಿತ್ತಳೆ ಬಣ್ಣದ ಮುದ್ದೆಯಾಗಿ ನೀರ ಮೇಲ್ಮೈಯಲ್ಲಿ ಅಲೆಯುತ್ತವೆ. ಅವು ಗಾಳಿಗಾಗಿ ಮತ್ತೆ ಮತ್ತೆ ಮೇಲೆ ಬರುವಾಗ ಆ ಜಾಗದಲ್ಲಷ್ಟೇ ಮಳೆ ಹನಿ ಬಿದ್ದಂತೆ ನೀರು ಚಿಮುಚಿಮು ಎನ್ನುತ್ತದೆ. ಅದರ ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆ ಮುದ್ದೆಯ ಮೇಲೆ ಕಪ್ಪೆ ಎಳೆದರೆ ಕಾವಲು ಮೀನು ಹೊಡೆದೇ ಹೊಡೆಯುತ್ತದೆ. ಅದು ಹಸಿವಿನಿಂದ ಹೊಡೆಯುವುದಲ್ಲ, ಮರಿಗಳನ್ನು ಕಾಯಲು ಹೊಡೆಯುವುದು. ಆ ಮೀನನ್ನು ಎತ್ತಿದರೆ ಸುತ್ತಲಿನ ಜಿಲೇಬಿ ಮೀನುಗಳು, ಹಾವುಗಳು, ಹಕ್ಕಿಗಳು ಮರಿಗಳನ್ನು ಉಳಿಸುವುದಿಲ್ಲ.

ದೊಡ್ಡ ಮೀನು ಸುಲಭವಾಗಿ ಸಿಗುವ ಉಪಾಯವೆಂದು ಇದನ್ನು ಹೇಳಿಕೊಡುವವರಿದ್ದಾರೆ. ಕೇಳಬೇಡಿ. ಮರಿಗಳ ಮುದ್ದೆ ಕಂಡರೆ ಕಪ್ಪೆ ಎತ್ತಿಕೊಂಡು ಮುಂದಕ್ಕೆ ನಡೆಯಿರಿ. ಒಂದು ಜೋಡಿಯನ್ನು ಬಿಟ್ಟರೆ ಕೆರೆಗೆ ನೂರಾರು ಮುರೆಲ್ ಉಳಿಯುತ್ತವೆ.

ನಿಜವಾದ ಕಪ್ಪೆಯನ್ನೇ ಗಾಳಕ್ಕೆ ಸಿಕ್ಕಿಸಿದರೆ ಬೇಗ ಸಿಗುವುದಿಲ್ಲವೇ? ಊರಲ್ಲಿ ಹಿರಿಯರು ಹಾಗೆ ಮಾಡುತ್ತಿದ್ದರು.

ಮಾಡುತ್ತಿದ್ದರು, ಹೌದು. ಈಗ ಮಾಡಬಾರದು. ಭಾರತ 1987ರಲ್ಲೇ ಕಪ್ಪೆ ಕಾಲಿನ ರಫ್ತನ್ನು ನಿಷೇಧಿಸಿದೆ. ದೊಡ್ಡ ಗೂಳಿಗಪ್ಪೆಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಗೋವಾದಲ್ಲಿ ಮೊದಲ ಮಳೆಯ ರಾತ್ರಿ ಅದನ್ನು ಬೇಟೆಯಾಡುವವರ ಮೇಲೆ ಅರಣ್ಯ ಇಲಾಖೆ ಕಣ್ಣಿಟ್ಟಿರುತ್ತದೆ. ಕಾನೂನಿನ ಮಾತು ಬಿಟ್ಟರೂ, ಜೀವಂತ ಪ್ರಾಣಿಯ ಬೆನ್ನಿಗೆ ಗಾಳ ಚುಚ್ಚಿ ಗಂಟೆಗಟ್ಟಲೆ ಒದ್ದಾಡಿಸುವ ಅಗತ್ಯ ಈಗ ಏನಿದೆ? ರಬ್ಬರ್ ಕಪ್ಪೆಯನ್ನು ಚೆನ್ನಾಗಿ ಆಡಿಸಬಲ್ಲವರಿಗೆ ಮೀನು ಸಿಗದೇ ಹೋಗುವುದಿಲ್ಲ.

ಮುಂಬೈ, ಪುಣೆಯಲ್ಲಿ ಎಲ್ಲಿಗೆ ಹೋಗಬಹುದು?

ಮೊದಲು ಹೋಗಬಾರದ ಜಾಗಗಳು. ವಿಹಾರ್, ತುಳಸಿ ಕೆರೆಗಳು ಮುಂಬೈಗೆ ಕುಡಿಯುವ ನೀರು ಕೊಡುವಂಥವು, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದಂಥವು. ಅಲ್ಲಿ ಗಾಳ ಹಾಕುವುದು ಅಪರಾಧ. ತಾನ್ಸಾ ಜಲಾಶಯದ ಸುತ್ತಲೂ ಅಭಯಾರಣ್ಯ. ಇನ್ನು ಪೊವಾಯಿ ಕೆರೆ, 1891ರದು. ಅಲ್ಲಿ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಬಹುಕಾಲದಿಂದ ಇದೆ. ಅವರ ನಿಯಮ, ಶುಲ್ಕ ವಿಚಾರಿಸಿಕೊಂಡೇ ಹೋಗಿ. ಆ ಕೆರೆಯಲ್ಲಿ ಮೊಸಳೆಗಳಿವೆ. ಸಿಕ್ಕಿಕೊಂಡ ಕಪ್ಪೆ ಬಿಡಿಸಲು ನೀರಿಗೆ ಇಳಿಯುವ ಯೋಚನೆಯೂ ಬೇಡ.

ಪುಣೆಯವರಿಗೆ ಸೊಲ್ಲಾಪುರ ರಸ್ತೆಯ ಭಿಗವಣ್ ಗೊತ್ತಿರುತ್ತದೆ. ಚಳಿಗಾಲದಲ್ಲಿ ರಾಜಹಂಸ ನೋಡಲು, ಮೀನಿನ ಊಟ ಮಾಡಲು ಜನ ಹೋಗುವ ಊರು. ಅದು 1980ರಲ್ಲಿ ಮುಗಿದ ಉಜನಿ ಅಣೆಕಟ್ಟೆಯ ಹಿನ್ನೀರು. ಭೀಮಾ ನದಿಯ ಅದೇ ನೀರು ಮುಂದೆ ವಿಜಯಪುರ, ಕಲಬುರಗಿಗೆ ಹರಿಯುತ್ತದೆ. ಇಂಥ ಜಲಾಶಯಗಳಲ್ಲಿ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆಯಾಗಿರುತ್ತದೆ. ಮೊದಲು ದಂಡೆಯ ಮೀನುಗಾರರನ್ನು ‘ದಾದಾ’ ಎಂದು ಮಾತಾಡಿಸಿ, ಅನುಮತಿ ಕೇಳಿ. ಕಪ್ಪೆ ಎಲ್ಲಿ ಎಸೆಯಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಹೇಳುವವರು ಇನ್ನಿಲ್ಲ. ಅವರ ಬಲೆಯ ತೇಲುಬೆಂಡು ಕಂಡ ಕಡೆ ಎಸೆಯಬೇಡಿ. ಖಡಕ್‌ವಾಸ್ಲಾದ ಕೆಳಗೆ ಮುಠಾ ನದಿಯಲ್ಲಿ ನಿಲ್ಲುವವರು ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಡುವ ಸೂಚನೆಗಳನ್ನು ನೋಡಿಕೊಂಡೇ ಹೋಗಬೇಕು.

ಗೋವಾದಲ್ಲಿ ಚೊಣಕ ಮೀನಿಗೆ ಕಪ್ಪೆ ನಡೆಯುತ್ತದೆಯೇ?

ಚೊಣಕ ಅಂದರೆ ಬಾರಮುಂಡಿ. ಆಸ್ಟ್ರೇಲಿಯಾದಲ್ಲಿ ತಾವರೆ ತುಂಬಿದ ಸಿಹಿನೀರಿನ ಮಡುಗಳಲ್ಲಿ ಅದನ್ನು ಕಪ್ಪೆ ಲ್ಯೂರಿನಿಂದಲೂ ಹಿಡಿಯುತ್ತಾರೆ. ಗೋವಾದ ಖಾಜನ್ (ಒಡ್ಡು ಕಟ್ಟಿ ಉಪ್ಪುನೀರು ತಡೆದ ತಗ್ಗು ಗದ್ದೆ) ಕಾಲುವೆಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ಭರತ ಇಳಿತದ ಹರಿವಿದೆ, ಕಾಂಡ್ಲಾ ಬೇರುಗಳಿವೆ, ಬೇರಿಗೆ ಅಂಟಿದ ಸಿಂಪಿಗಳು ಬ್ರೇಡನ್ನು ಬ್ಲೇಡಿನಂತೆ ಕತ್ತರಿಸುತ್ತವೆ. ಅಲ್ಲಿ ಮಿನ್ನೋ ಲ್ಯೂರ್ (ಸಣ್ಣ ಮೀನಿನಂಥ ಗಟ್ಟಿ ಲ್ಯೂರ್) ಅಥವಾ ಮೆತ್ತನೆಯ ಮೀನಿನಾಕಾರದ ಲ್ಯೂರ್ ವಾಸಿ, ದಪ್ಪ ಲೀಡರ್ ಕಡ್ಡಾಯ. ಖಾಜನ್ ತೂಬುಗಳ ಬಳಿಯ ಮೀನಿನ ಹಕ್ಕು ಹರಾಜಾಗುತ್ತದೆ. ಹರಾಜು ಹಿಡಿದವರನ್ನು ಕೇಳದೆ ಅಲ್ಲಿ ಗಾಳ ಹಾಕಬೇಡಿ. ಗೋವಾದಲ್ಲಿ ಕಪ್ಪೆ ಬಳಸಬೇಕೆಂದರೆ ಒಳನಾಡಿನ ಸಿಹಿನೀರಿನ ಕೆರೆ, ಹಳ್ಳಗಳ ಮುರೆಲ್‌ಗೇ ಬಳಸಿ. ಬೋಂಡ್ಲಾ, ಕೋಟಿಗಾವ್, ನೇತ್ರಾವಳಿ ಅಭಯಾರಣ್ಯಗಳ ಒಳಗೆ ಬೇಡ.

ಸಿಕ್ಕ ಮೀನನ್ನು ಹೇಗೆ ಹಿಡಿಯಬೇಕು?

ಬಾಸ್ ಹಿಡಿದವರು ಅದರ ಕೆಳತುಟಿಗೆ ಹೆಬ್ಬೆರಳಿಟ್ಟು ಎತ್ತುವ ಚಿತ್ರ ನೋಡಿರುತ್ತೀರಿ. ಮುರೆಲ್‌ಗೆ ಹಾಗೆ ಮಾಡಿದರೆ ಹೆಬ್ಬೆರಳು ಸೀಳುತ್ತದೆ. ಮೀನು ಹಿಡಿಯುವ ಕ್ಲಿಪ್ ಬಳಸಿ, ಇನ್ನೊಂದು ಕೈಯಿಂದ ಹೊಟ್ಟೆಗೆ ಆಸರೆ ಕೊಡಿ. ಕೈ ಒದ್ದೆಯಿರಲಿ. ಬಿಸಿ ಕಲ್ಲಿನ ಮೇಲೆ, ಧೂಳಿನ ಮೇಲೆ ಮಲಗಿಸಿದರೆ ಮೈಯ ಲೋಳೆ ಹೋಗಿ ಸೋಂಕು ತಗಲುತ್ತದೆ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟರೆ ಬಿಡಿಸುವುದು ಕ್ಷಣದ ಕೆಲಸ. ನಿಮ್ಮ ಕೈಗೆ ನಾಟಿದರೂ ಅಷ್ಟೇ ಸುಲಭವಾಗಿ ಬರುತ್ತದೆ. ಮನೆಗೆ ಒಯ್ಯುವುದಾದರೆ ಮಧ್ಯಮ ಗಾತ್ರದ್ದು ಒಯ್ಯಿರಿ, ದೊಡ್ಡದನ್ನು ಬಿಡಿ. ಮೊಟ್ಟೆಯಿಡುವ ತಾಕತ್ತು ಹೆಚ್ಚಿರುವುದು ಅದಕ್ಕೇ. ಊರ ಕೊಳೆ ನೀರು ಸೇರುವ ಕೆರೆಯ ಮೀನನ್ನು ತಿನ್ನಬೇಡಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಖಂಡಿತ. ಎಸೆಯುವವರ ಹಿಂದೆ ಮಾತ್ರ ನಿಲ್ಲಿಸಬೇಡಿ. ತಪ್ಪಿದ ಕಪ್ಪೆ ಮುಖದ ನೇರಕ್ಕೇ ಹಾರಿ ಬರುತ್ತದೆ, ಹೀಗಾಗಿ ಎಲ್ಲರಿಗೂ ಕನ್ನಡಕ ಇರಲಿ. ಕೆರೆ ಏರಿಯ ಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದು, ಗಂಬೂಟು ಹಾಕಿಸಿ. ಕಾಲಿನಲ್ಲಿ ಗಾಯವಿದ್ದರೆ ಮಳೆಗಾಲದ ನಿಂತ ನೀರಿಗೆ ಇಳಿಯಬಾರದು, ಇಲಿಜ್ವರದ ಭಯವಿದೆ. ಮೇ ತಿಂಗಳ ಸಂಜೆ ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ಜಾಗ ಬಿಡಿ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ.

ಹಣ ಕಡಿಮೆಯಿದ್ದರೆ ಎಲ್ಲಿ ಉಳಿಸಲಿ?

ರೀಲಿನಲ್ಲಿ ಉಳಿಸಿ, ಬಣ್ಣಗಳಲ್ಲಿ ಉಳಿಸಿ. ದಾರದಲ್ಲಿ ಮತ್ತು ಗಾಳದ ಮೊನೆಯಲ್ಲಿ ಉಳಿಸಬೇಡಿ. ಕಪ್ಪೆಗಳನ್ನು ಜೋಪಾನ ಮಾಡಿದರೆ ಬಹಳ ಕಾಲ ಬರುತ್ತವೆ. ನೀರು ಹಿಸುಕಿ, ನೆರಳಿನಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಖಾನೆಯಲ್ಲಿಡಿ. ಒತ್ತಿ ತುಂಬಿದರೆ ಮೈ ಸೊಟ್ಟಗಾಗಿ ಗಾಳ ಪಕ್ಕಕ್ಕೆ ತಿರುಗುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಹುಳುಗಳ ಜೊತೆ ಇಟ್ಟರೆ ಒಂದಕ್ಕೊಂದು ಅಂಟಿ ಕರಗುತ್ತವೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಡಬ್ಬಿ ಬಿಟ್ಟು ಹೋಗಬೇಡಿ.